ಸುಭದ್ರಾ ಅಕ್ಕೋರು ಗುಳಿಗೆ ಬಿಟ್ಟ ಹದಿನೇಳು ತಿಂಗಳು

ಈಚೆಗೆ ನಮ್ಮ ಓಣಿಯ ಹುಡುಗಿಯೊಬ್ಬಳು ಫಾರ್ಮಸಿ ಓದು ಮುಗಿಸಿ ಸರಕಾರಿ ದವಾಖಾನೆಗೆ ಸೇರಿದಳು. ಹೊರಡುವ ಮುಂಚೆ ನಮ್ಮ ಮನೆಗೆ ಬಂದು, "ಕಾಕಾ, ಕೆಲಸ ಹ್ಯಾಂಗಿರ್ತದ ಹೇಳ್ರಿ" ಎಂದು ಕೇಳಿದಳು. ನಾನು ಸ್ಟಾಕ್ ಪುಸ್ತಕ, ಅವಧಿ ಮುಗಿದ ಔಷಧಿ, ಆಡಿಟ್‌ನವರು ಬಂದಾಗ ಎಲ್ಲಿ ಕೂರಿಸಬೇಕು ಎಂದು ಏನೇನೋ ಹೇಳಿ ಕಳಿಸಿದೆ. ಅವಳು ಹೋದ ಮೇಲೆ, ಹೇಳಬೇಕಾದದ್ದನ್ನೇ ಹೇಳಲಿಲ್ಲ ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ದೊಡ್ಡ ತಪ್ಪೊಂದಿದೆ. ಅದನ್ನು ಮುಚ್ಚಿಟ್ಟರೆ ಉಳಿದದ್ದು ಹೇಳಿ ಪ್ರಯೋಜನವಿಲ್ಲ.

ನಾನು ನೌಕರಿಗೆ ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಊರನ್ನು ಆಗ ಎಲ್ಲರೂ ಗುಲಬರ್ಗಾ ಎಂದೇ ಕರೆಯುತ್ತಿದ್ದರು. ಮೊದಲ ಎರಡು ವರ್ಷ ನಗರದ ದವಾಖಾನೆಯಲ್ಲಿ ಗುರುಪಾದಪ್ಪ ಎಂಬ ಹಿರಿಯ ಕಂಪೌಂಡರರ ಕೈಕೆಳಗೆ ಇದ್ದೆ. ಸಿದ್ಧ ಗುಳಿಗೆ ಕಡಿಮೆಯಿದ್ದ ಕಾಲ ಅದು. ಕೆಮ್ಮಿನ ಔಷಧಿಯನ್ನು ಹಂಡೆಯಲ್ಲಿ ಬೆರೆಸಿ, ರೋಗಿ ತಂದ ಸೀಸೆಗೆ ಸುರಿದು ಕೊಡುತ್ತಿದ್ದೆವು. ಪುಡಿಗಳನ್ನು ಖಲ್ಲು ಎನ್ನುವ ಸಣ್ಣ ಒರಳಿನಲ್ಲಿ ಅರೆದು, ಸಣ್ಣ ತಕ್ಕಡಿಯಲ್ಲಿ ತೂಗಿ, ಕಾಗದದಲ್ಲಿ ಪೊಟ್ಟಣ ಕಟ್ಟುತ್ತಿದ್ದೆವು. ಗುರುಪಾದಪ್ಪನವರು ಒಂದು ತಿಂಗಳು ನನ್ನ ಕೈಗೆ ಔಷಧಿಯನ್ನೇ ಕೊಡಲಿಲ್ಲ. ಅಡುಗೆ ಉಪ್ಪು ಕೊಟ್ಟು ದಿನಕ್ಕೆ ನೂರು ಪೊಟ್ಟಣ ಕಟ್ಟಿಸಿದರು. ಸಂಜೆ ಅದರಲ್ಲಿ ನಾಲ್ಕನ್ನು ಆರಿಸಿ ತೂಗುತ್ತಿದ್ದರು. ಒಂದು ಹೆಚ್ಚುಕಡಿಮೆಯಾದರೂ ನೂರನ್ನೂ ಬಿಚ್ಚಿಸುತ್ತಿದ್ದರು. ಇಷ್ಟು ಕಲಿಯುವಷ್ಟರಲ್ಲಿ ಎಲ್ಲ ಔಷಧಿಗಳೂ ಸಿದ್ಧ ಗುಳಿಗೆಗಳಾಗಿ ಹೊಳೆಯುವ ಹಾಳೆಯಲ್ಲಿ ಬರತೊಡಗಿದವು. ನನ್ನ ಕೈಗೆ ಉಳಿದದ್ದು ಕತ್ತರಿಯೊಂದೇ.

ಆಮೇಲೆ ಕಮಲಾಪುರಕ್ಕೆ ವರ್ಗವಾಯಿತು. ಮನೆ ನಗರದ ಜೇವರ್ಗಿ ಕಾಲೋನಿಯಲ್ಲಿ, ಕೆಲಸ ಕಮಲಾಪುರದಲ್ಲಿ. ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಹದಿನಾಲ್ಕು ವರ್ಷ ಹಾಗೆ ಓಡಾಡಿದೆ. ಸುಭದ್ರಾಬಾಯಿ ಪರಿಚಯವಾದದ್ದು ಅಲ್ಲೇ.

ಅವರು ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರವರೆಲ್ಲ ಅಕ್ಕೋರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ನಮ್ಮಂತೆಯೇ ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವವರು. ಮದುವೆಯಾಗಿ ಆರು ವರ್ಷಕ್ಕೆ ಗಂಡ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದರು. ಆಗ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ ಎಂದಾಗ ನಗರದ ಡಾಕ್ಟರೊಬ್ಬರು ಎರಡು ವಾರಕ್ಕೆಂದು ಡಯಾಜೆಪಾಮ್ ಗುಳಿಗೆ ಬರೆದುಕೊಟ್ಟಿದ್ದರು, ದಿನಕ್ಕೆ ಮೂರು. ನಮ್ಮ ಕಡೆ ಅದನ್ನು ಗಾಬರಿ ಗುಳಿಗೆ ಎನ್ನುತ್ತಾರೆ. ಎರಡು ವಾರ ಹನ್ನೊಂದು ವರ್ಷವಾಯಿತು. ಯಾರೂ ನಿಲ್ಲಿಸಿ ಎನ್ನಲಿಲ್ಲ. ತಿಂಗಳಿಗೊಮ್ಮೆ ಚೀಟಿ ಬರುತ್ತಿತ್ತು. ಆಗಿನ ಡಾಕ್ಟರು ಅದನ್ನು ನೋಡದೆಯೇ ಸಹಿ ಹಾಕುತ್ತಿದ್ದರು. ನಾನೂ ನೋಡದೆಯೇ ಕತ್ತರಿಸಿ ಕೊಡುತ್ತಿದ್ದೆ. ಅಕ್ಕೋರು ನಗುನಗುತ್ತ ತೆಗೆದುಕೊಂಡು, "ಸಾಹೇಬ್ರ, ಬಾಳೆಹಣ್ಣು ತಂದೀನಿ ನೋಡ್ರಿ, ಮನಿಗೆ ಒಯ್ರಿ" ಎಂದು ಕೆಂಪು ಬಾಳೆಯ ಚಿಪ್ಪೊಂದನ್ನು ಔಷಧಿ ಕೊಡುವ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಗರದಲ್ಲಿ, ಐವಾನ್-ಎ-ಶಾಹಿ ಕಡೆಯ ಒಂದು ಸಭಾಂಗಣದಲ್ಲಿ, ನಮಗೆಲ್ಲ ಒಂದು ದಿನದ ತರಬೇತಿ ನಡೆಯಿತು. ಮುಂಜಾನೆ ಮಾತಾಡಿದವರು ಈ ಗುಳಿಗೆ ಹೇಗೆ ರೂಢಿಯಾಗುತ್ತದೆ, ದೇಹ ಹೇಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ವಿವರಿಸಿದರು. ಅಕ್ಕೋರ ಮುಖ ಕಣ್ಮುಂದೆ ಬಂತು. ಊಟದ ನಂತರ ಇನ್ನೊಂದು ಪಾಠವಿತ್ತು. ಆದರೆ ಅಂದು ನಮ್ಮ ಕಾಲೋನಿಗೆ ಗ್ಯಾಸ್ ಸಿಲಿಂಡರ್ ಬರುವ ದಿನ. ಮನೆಯಲ್ಲಿ ನಾಲ್ಕು ದಿನದಿಂದ ಸೀಮೆಎಣ್ಣೆ ಒಲೆ ಉರಿಯುತ್ತಿತ್ತು. ನಾನು ಊಟ ಮಾಡಿ, ಹಾಜರಿಗೆ ಸಹಿ ಹಾಕಿ, ಸರತಿಯಲ್ಲಿ ನಿಲ್ಲಲು ಹೊರಟುಬಿಟ್ಟೆ. ಆ ಮಧ್ಯಾಹ್ನದ ಪಾಠ, ಈ ಗುಳಿಗೆಯನ್ನು ಬಿಡಿಸುವುದು ಹೇಗೆ ಎನ್ನುವುದಾಗಿತ್ತು.

ಮರುವಾರ ಅಕ್ಕೋರು ಚೀಟಿ ಹಿಡಿದು ಬಂದರು. ನಾನು ಹೊಸದಾಗಿ ತಿಳಿದುಕೊಂಡವನ ಹುರುಪಿನಲ್ಲಿ ಹೇಳಿದೆ:

"ಅಕ್ಕೋರ, ಇದು ಯಾಕ ತೊಗೊಳ್ತೀರಿ ನೀವು? ಇದು ಚಟ ಆಗ್ಯಾದ ನಿಮಗ. ಇವತ್ತಿನಿಂದ ಬಂದ್ ಮಾಡ್ರಿ."

ಅವರ ಮುಖ ಸ್ವಲ್ಪ ಬಿಳುಪೇರಿತು. ಚಟ ಎಂಬ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. "ಹೌದೇನ್ರಿ? ಹಂಗಾದ್ರ ಬ್ಯಾಡ ಬಿಡ್ರಿ" ಎಂದು ಚೀಟಿ ಮಡಿಚಿಕೊಂಡು ಹೋದರು. ಅಂದು ಬಸ್ಸಿನಲ್ಲಿ ಬರುವಾಗ ಒಬ್ಬರ ಬದುಕು ಉದ್ಧಾರ ಮಾಡಿದೆ ಎಂಬ ಸಮಾಧಾನ ನನಗೆ.

ಅಕ್ಕೋರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ಹೆಂಗಸು. ಅಂದಿನಿಂದ ಒಂದು ಗುಳಿಗೆಯನ್ನೂ ಮುಟ್ಟಲಿಲ್ಲ. ಮೂರನೆಯ ದಿನದಿಂದ ನಿದ್ದೆ ಹೋಯಿತು. ಕೈ ನಡುಗಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಬೆವರಿನಿಂದ ಕುಪ್ಪಸ ತೊಯ್ಯುತ್ತಿತ್ತು. ಇದೆಲ್ಲ ಚಟ ಬಿಡುವವರಿಗೆ ಆಗುವ ಶಿಕ್ಷೆ ಎಂದುಕೊಂಡು ಜೊತೆಗಿದ್ದ ಅತ್ತೆಗೂ ಹೇಳದೆ ಸಹಿಸಿದರು. ಒಂಬತ್ತನೆಯ ದಿನ ಮುಂಜಾನೆ ಶಾಲೆಯಲ್ಲಿ ಪ್ರಾರ್ಥನೆ ನಡೆಯುವಾಗ, ಮಕ್ಕಳ ಸಾಲಿನ ಮುಂದೆ ನಿಂತಲ್ಲೇ ಬಿದ್ದರು. ಕೈಕಾಲು ಸೆಟೆದು ಝಾಡಿಸತೊಡಗಿದವು. ಜೀಪಿನಲ್ಲಿ ಹಾಕಿಕೊಂಡು ನಗರಕ್ಕೆ ಒಯ್ದರು.

ನನಗೆ ಸುದ್ದಿ ತಿಳಿದದ್ದು ಮಧ್ಯಾಹ್ನ. ಅಕ್ಕೋರಿಗೆ ಮೂರ್ಛೆ ರೋಗ ಬಂದಿದೆ ಎಂದು ಒಬ್ಬರು, ಗಂಡನ ನೆನಪಿನಲ್ಲಿ ತಲೆ ಕೆಟ್ಟಿದೆ ಎಂದು ಒಬ್ಬರು ಹೇಳುತ್ತಿದ್ದರು. ನನಗೆ ಮಾತ್ರ ದಿನಗಳ ಲೆಕ್ಕ ಗೊತ್ತಿತ್ತು. ಅಂದು ಎಷ್ಟು ಜನಕ್ಕೆ ಏನು ಔಷಧಿ ಕೊಟ್ಟೆನೋ ನೆನಪಿಲ್ಲ.

ಆಗ ನಮ್ಮ ಮೇಲಧಿಕಾರಿಯಾಗಿದ್ದವರು ಡಾಕ್ಟರ್ ನಸ್ರೀನ್. ಬಂದು ನಾಲ್ಕು ತಿಂಗಳಾಗಿತ್ತು. ಗುಲಬರ್ಗಾದವರೇ. ಕನ್ನಡದೊಳಗೆ ಉರ್ದು ಬೆರೆಸಿ ಮಾತಾಡುವ, ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ವಾರ ಕಳೆದು ನಗರದ ಮನೋರೋಗದ ಡಾಕ್ಟರು ಅವರಿಗೆ ಕಾಗದ ಕಳಿಸಿದರು. ಗುಳಿಗೆಯನ್ನು ಒಮ್ಮೆಲೆ ನಿಲ್ಲಿಸಿದ್ದರಿಂದ ಹೀಗಾಗಿದೆ, ಮತ್ತೆ ಶುರು ಮಾಡಿದ್ದೇವೆ, ಇನ್ನು ಬಹಳ ನಿಧಾನವಾಗಿ ಇಳಿಸಬೇಕು ಎಂದು ಅದರಲ್ಲಿತ್ತು. ಕೆಳಗೆ ಒಂದು ಸಾಲು: ರೋಗಿ ತಾವಾಗಿಯೇ ಗುಳಿಗೆ ನಿಲ್ಲಿಸಿದ್ದಾಗಿ ಹೇಳುತ್ತಾರೆ.

ಕಾಗದವನ್ನು ಫೈಲಿಗೆ ಹಾಕಲು ನನಗೆ ಕೊಟ್ಟಿದ್ದರು. ನಾನು ಹಾಗೆಯೇ ಹಿಡಿದುಕೊಂಡು ಮೇಡಂ ಕೋಣೆಗೆ ಹೋದೆ.

"ಮೇಡಂ, ಇದರಾಗ ಬರೆದದ್ದು ಖರೆ ಅಲ್ರಿ. ಅಕ್ಕೋರು ತಾವಾಗಿ ಬಿಟ್ಟಿಲ್ಲ. ನಾನು ಬಿಡಿಸೀನಿ."

ಅವರು ಪೆನ್ನು ಕೆಳಗಿಟ್ಟರು. "ನೀವು ಡಾಕ್ಟರ್ ಏನ್ರಿ ವಾಮನರಾವ್?"

"ಇಲ್ರಿ."

"ಮತ್ತ ಯಾಕ ಬಿಡಿಸಿದ್ರಿ?"

"ತರಬೇತ್ಯಾಗ ಇದು ಚಟ ಆಗ್ತದಂತ ಹೇಳಿದ್ರು."

"ಬಿಡಿಸೋದು ಹ್ಯಾಂಗಂತನೂ ಹೇಳಿರ್ಬೇಕಲ್ಲ?"

ನಾನು ಸಿಲಿಂಡರ್ ಕಥೆ ಹೇಳಿದೆ. ಅವರಿಗೆ ಸಿಟ್ಟು ಬಂತೋ ನಗು ಬಂತೋ ತಿಳಿಯಲಿಲ್ಲ. ಕಾಗದ ಈಸಿಕೊಂಡು ಕೊನೆಯ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಹೇಳಿದರು: "ಚಟ ಅಂದ್ರಲ್ಲ, ಅದು ಮೊದಲನೇ ತಪ್ಪು. ಆಕಿ ಚಟಕ್ಕ ತೊಗೊಂಡಿಲ್ಲ, ನಾವು ಬರದುಕೊಟ್ಟೀವಿ, ನಂಬಿ ತೊಗೊಂಡಾಳ. ಆಕಿ ಮೈ ಅದಕ್ಕ ಒಗ್ಗಿಬಿಟ್ಟದ, ಅಷ್ಟ. ಒಮ್ಮೆಲೆ ಬಿಡಿಸಿದ್ದು ಎರಡನೇ ತಪ್ಪು. ಈಗ ಆಹಿಸ್ತಾ, ನಿಧಾನಕ್ಕ ಇಳಿಸೋಣ. ವರ್ಷ ಹಿಡಿಲಿ, ಎರಡು ವರ್ಷ ಹಿಡಿಲಿ. ಇಳಿಸೋದು ನಿಮ್ಮ ಕೈಲೇ ಆಗ್ಬೇಕು."

ಶಿಕ್ಷೆ ಎಂದುಕೊಂಡು ಒಪ್ಪಿಕೊಂಡೆ. ಆದರೆ ನನ್ನ ಕೆಲಸದ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಕೊಡುಗೆ ನನಗೆ ಯಾರೂ ಕೊಟ್ಟಿಲ್ಲ.

ಮೊದಲು ಗುಳಿಗೆಯನ್ನು ಬ್ಲೇಡಿನಿಂದ ಕತ್ತರಿಸಿ ಕೊಟ್ಟೆ. ಅರ್ಧ ಸರಿ ಬರುತ್ತಿತ್ತು, ಕಾಲು ಭಾಗ ಪುಡಿಯಾಗುತ್ತಿತ್ತು. ಒಂದು ದಿನ ಹೆಚ್ಚು ಒಂದು ದಿನ ಕಡಿಮೆಯಾದರೆ ಅಕ್ಕೋರಿಗೆ ಕೂಡಲೇ ತಿಳಿಯುತ್ತಿತ್ತು. "ನಿನ್ನಿ ಚೊಲೋ ಇತ್ತು, ಇವತ್ತು ಎದಿ ಹಾರ್ಲಾಕತ್ತದ ನೋಡ್ರಿ" ಎನ್ನುತ್ತಿದ್ದರು. ಆಗ ನನಗೆ ಗುರುಪಾದಪ್ಪನವರ ಉಪ್ಪಿನ ಪೊಟ್ಟಣ ನೆನಪಾಯಿತು. ದವಾಖಾನೆಯ ಅಟ್ಟದ ಮೇಲಿಂದ ಹಳೆಯ ಖಲ್ಲು ಮತ್ತು ತಕ್ಕಡಿ ಇಳಿಸಿದೆ. ಮೇಡಂ ಒಪ್ಪಿಗೆ ಪಡೆದು, ಹದಿನೈದು ದಿನಕ್ಕೆ ಬೇಕಾದ ಗುಳಿಗೆಗಳನ್ನು ಅರೆದು, ಔಷಧಿಗೆ ಬಳಸುವ ಹಾಲುಸಕ್ಕರೆಯ ಪುಡಿ ಬೆರೆಸಿ, ಸಮನಾಗಿ ತೂಗಿ ಪೊಟ್ಟಣ ಕಟ್ಟತೊಡಗಿದೆ. ಎರಡು ಮೂರು ವಾರಕ್ಕೊಮ್ಮೆ ಔಷಧಿಯ ಅಂಶ ಚೂರು ಇಳಿಯುತ್ತಿತ್ತು. ಎಷ್ಟು ಇಳಿಸಬೇಕು, ಯಾವಾಗ ಇಳಿಸಬೇಕು ಎನ್ನುವುದನ್ನು ಮೇಡಂ ಅಕ್ಕೋರನ್ನು ಕೇಳಿಯೇ ತೀರ್ಮಾನಿಸುತ್ತಿದ್ದರು.

ನಡುವೆ ಶಾಲೆಯ ತೊಂದರೆ ಎದ್ದಿತು. ಹೆಡ್‌ಮಾಸ್ತರರು ಕೆಟ್ಟವರಲ್ಲ, ಅಂಜುಬುರುಕರು. ತಂದೆತಾಯಂದಿರು ದೂರು ಹೇಳುತ್ತಾರೆ, ಅಕ್ಕೋರು ದೀರ್ಘ ರಜೆ ಹಾಕಲಿ ಎಂದರು. ಮೇಡಂ ತಾವೇ ಶಾಲೆಗೆ ನಡೆದರು. ನಾನೂ ಜೊತೆಗಿದ್ದೆ.

"ಮತ್ತ ಮಕ್ಕಳ ಮುಂದ ಬಿದ್ರ ನಾ ಏನ್ ಮಾಡ್ಲಿರಿ?" ಎಂದರು ಹೆಡ್‌ಮಾಸ್ತರರು.

"ಬೀಳಬಾರದಂತನ ಔಷಧ ಕೊಡ್ಲಾಕತ್ತೀವಿ. ಆದ್ರೂ ಬಿದ್ರ ಮಗ್ಗಲಿಗೆ ಮಲಗಸ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ, ನನಗ ಹೇಳಿ ಕಳಸ್ರಿ. ಆಕಿನ್ನ ಮನ್ಯಾಗ ಕೂಡಿಸಿದ್ರ ಆಕಿ ಜಲ್ದಿ ಸಾಯ್ತಾಳ" ಎಂದರು ಮೇಡಂ. ಹೆಡ್‌ಮಾಸ್ತರರು ಮತ್ತೆ ರಜೆಯ ಮಾತು ತೆಗೆಯಲಿಲ್ಲ.

ಐದಾರು ತಿಂಗಳು ಚೆನ್ನಾಗಿಯೇ ಸಾಗಿತು. ಆಮೇಲೆ ಅಕ್ಕೋರಿಗೆ ಸಪ್ಪಳ ಸಹಿಸಲಾಗದ ಕಾಲ ಬಂತು. ತಟ್ಟೆ ಬಿದ್ದರೆ ಬೆಚ್ಚಿ ಅಳು ಬರುತ್ತಿತ್ತು. ಅತ್ತೆ ತುಳಜಾಬಾಯಿಯವರು ಮನೆಯ ತಾಮ್ರದ ಪಾತ್ರೆಗಳಿಗೆಲ್ಲ ಹಳೆ ಸೀರೆ ಸುತ್ತಿಟ್ಟರು. ಆದರೆ ಶಾಲೆಯಲ್ಲಿ ಮೂರನೆಯ ತರಗತಿಯ ನಲವತ್ತು ಮಕ್ಕಳು ಮಗ್ಗಿ ಹೇಳುತ್ತಾರೆ. ಅದಕ್ಕೆ ಏನು ಸುತ್ತುವುದು? ಅಕ್ಕೋರು ಒಂದು ಉಪಾಯ ಕಂಡುಕೊಂಡರು. "ಇನ್ನ ಮ್ಯಾಲ ಪಿಸುಮಾತಿನ್ಯಾಗ ಮಗ್ಗಿ ಹೇಳ್ಬೇಕು. ಯಾರ ದನಿ ಬಾಗಿಲ ದಾಟ್ತದೋ ಅವರು ಸೋತಂಗ" ಎಂದರು. ಮಕ್ಕಳಿಗೆ ಅದು ಆಟವಾಯಿತು. ಎರಡು ತಿಂಗಳು ಆ ತರಗತಿ ಪಿಸುಗುಟ್ಟುತ್ತಲೇ ಹದಿನಾರರ ಮಗ್ಗಿಯವರೆಗೆ ಕಲಿಯಿತು. ಹೆಡ್‌ಮಾಸ್ತರರು ಒಂದು ದಿನ ತರಗತಿಯಲ್ಲಿ ಯಾರೂ ಇಲ್ಲವೆಂದು ಗಾಬರಿಯಾಗಿ ಓಡಿ ಬಂದರಂತೆ. ಬಾಗಿಲಲ್ಲಿ ನಿಂತು ನೋಡಿದರೆ ನಲವತ್ತು ತುಟಿಗಳು ಒಟ್ಟಿಗೆ ಅಲ್ಲಾಡುತ್ತಿವೆ. ತಾವೂ ಚಪ್ಪಲಿ ಬಿಟ್ಟು ಒಳಗೆ ಬಂದು, ಹಿಂದಿನ ಸಾಲಿನಲ್ಲಿ ಕೂತರಂತೆ. ಇದನ್ನು ಹೇಳಿ ಅಕ್ಕೋರು ಬಹಳ ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದನ್ನು ನೋಡಿದೆ.

ಆದರೆ ಮರುತಿಂಗಳು ಬಿಸಿಲು ಏರಿದ ಒಂದು ಮಧ್ಯಾಹ್ನ ಬಂದು ಕಿಟಕಿಯ ಸರಳು ಹಿಡಿದು ನಿಂತರು. ಕಣ್ಣು ಗುಳಿಬಿದ್ದಿದ್ದವು.

"ಸಾಹೇಬ್ರ, ಒಂದು ಗುಳಗಿ ಕೊಡ್ರಿ. ಪೂರಾ ಒಂದು."

"ಪುಡಿ ತೊಗೊಂಡಿಲ್ಲೇನ್ರಿ ಅಕ್ಕೋರ?"

"ತೊಗೊಂಡೀನಿ. ಅದು ಎಲ್ಲಿಗೂ ಮುಟ್ಟವಲ್ದು. ಮೈಮ್ಯಾಲ ಇರುವಿ ಹರದಾಡಿದಂಗ ಆಗ್ಲಾಕತ್ತದ. ಬಾಯಾಗ ಕಬ್ಬಿಣ ಇಟ್ಟಂಗ ರುಚಿ. ಐದು ದಿನ ಆತು, ಕಣ್ಣು ಮುಚ್ಚಿಲ್ಲ. ನೀವ ಕೊಟ್ರಿ, ನೀವ ಬಿಡಿಸಿದ್ರಿ. ಈಗ ನೀವ ಒಂದು ಕೊಡ್ರಿ."

ಗುಳಿಗೆಯ ಹಾಳೆ ನನ್ನ ಕೈಯಳತೆಯಲ್ಲೇ ಇತ್ತು. ಒಂದು ಕೊಟ್ಟರೆ ಅವರಿಗೆ ಅರ್ಧ ಗಂಟೆಯಲ್ಲಿ ಹಿತವಾಗುತ್ತದೆ. ನನ್ನ ಎದೆಯ ಭಾರವೂ ಇಳಿಯುತ್ತದೆ. ಕೊಡುವ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಈ ಸಲ ನಾನು ನನ್ನಷ್ಟಕ್ಕೆ ಏನೂ ಮಾಡಲಿಲ್ಲ. ಕಿಟಕಿ ಮುಚ್ಚಿ ಹೊರಗೆ ಬಂದೆ. ಮೇಡಂ ಹೆರಿಗೆ ಕೋಣೆಯಲ್ಲಿದ್ದರು. ಅವರಿಗೆ ಹೇಳಿ ಕಳಿಸಿ, ಅಕ್ಕೋರನ್ನು ಕರೆದುಕೊಂಡು ಬೇವಿನ ನೆರಳಿನ ಕಟ್ಟೆಯ ಮೇಲೆ ಕೂತೆ. ಎಂಟು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು.

"ಅಕ್ಕೋರ, ತಪ್ಪು ನಂದು. ತಿಳೀಲಾರದ ಒಮ್ಮೆಲೆ ಬಿಡಿಸಿದೆ. ಮಾಫ್ ಮಾಡ್ರಿ."

"ಅದು ನನಗ ಗೊತ್ತಿಲ್ಲೇನು? ಕಿಟಕಿ ಮುಂದ ನಾನ ನಿಂತಿದ್ದೆ."

"ಮತ್ತ ದವಾಖಾನ್ಯಾಗ ನೀವಾಗಿ ಬಿಟ್ಟೀನಂತ ಯಾಕ ಹೇಳಿದ್ರಿ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ಹೇಳಿದರು: "ಹನ್ನೊಂದು ವರ್ಷದಾಗ ಒಬ್ಬರೂ ನನಗ 'ಇದು ಯಾಕ ತೊಗೊಳ್ತಿ' ಅಂತ ಕೇಳಿದ್ದಿಲ್ಲ. ಕೇಳಿದವರು ನೀವೊಬ್ರ. ನಿಮ್ಮ ಹೆಸರು ಹೇಳಿದ್ರ ನಿಮಗ ಬೈತಿದ್ರು. ಆಮ್ಯಾಲ ನೀವು ಯಾರನ್ನೂ ಕೇಳ್ತಿದ್ದಿಲ್ಲ."

ಮುಕ್ಕಾಲು ತಾಸಿನ ಮೇಲೆ ಮೇಡಂ ಕೈ ಒರೆಸಿಕೊಳ್ಳುತ್ತ ಬಂದು, ಅಕ್ಕೋರ ಪಕ್ಕದಲ್ಲೇ ಕೂತು ನಾಡಿ ಹಿಡಿದರು.

"ಕೆಳಗೂ ಇಳಿಯೋದು ಬ್ಯಾಡ, ಮ್ಯಾಲೂ ಏರೋದು ಬ್ಯಾಡ. ಈಗ ಎಲ್ಲಿದ್ದೀರೋ ಅಲ್ಲೇ ಆರು ವಾರ ನಿಲ್ಲೋಣ. ಮೆಟ್ಟಲ ಇಳಿವಾಗ ಕಾಲು ನೋವಾದ್ರ ಕೂಡ್ತೀವಲ್ಲ, ಹಂಗ. ಇದು ರೋಗ ತಿರುಗಿ ಬಂದದ್ದಲ್ಲ. ಮೈ ತನ್ನ ಕೆಲಸ ತಾನು ಮಾಡೋದು ಕಲೀಲಾಕತ್ತದ. ಕಲಿಯೋರಿಗೆ ಎಷ್ಟು ಹೊತ್ತು ಹಿಡಿತದಂತ ನಿಮಗ ಹೇಳ್ಬೇಕೇನು?"

ಅಕ್ಕೋರು ಮೊದಲ ಸಲ ತಲೆಯೆತ್ತಿದರು. "ಮೂರನೇತ್ತೆ ಮಕ್ಕಳಿಗೆ ಕಳಿಯೋ ಲೆಕ್ಕ ತಲಿಗೆ ಹತ್ತಲಾಕ ಆರು ತಿಂಗಳು ಬೇಕ್ರಿ" ಎಂದರು.

"ಮತ್ತ ನಿಮ್ಮ ಮೈಗೂ ಅಷ್ಟು ಸಬರ್, ಅಷ್ಟು ತಾಳ್ಮಿ ಕೊಡ್ರಿ."

ಅಂದಿನಿಂದ ಆರು ವಾರ ದಿನವೂ ಶಾಲೆ ಬಿಟ್ಟ ಮೇಲೆ ಅಕ್ಕೋರು ದವಾಖಾನೆಗೆ ಬರುತ್ತಿದ್ದರು. ಔಷಧಿಗಲ್ಲ, ಕೂತು ಹೋಗಲು. ಅಂದಿನ ದಿನ ಹೇಗಿತ್ತು ಎನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಗುಂಡು ಅಕ್ಷರದಲ್ಲಿ ಬರೆಯುತ್ತಿದ್ದರು. ಮಕ್ಕಳ ಉತ್ತರಪತ್ರಿಕೆಗೆ ಹಾಕುವಂತೆ ದಿನಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕುತ್ತಿದ್ದರು. ಎರಡು, ಮೂರು, ಎರಡು, ನಾಲ್ಕು. ಒಂದು ದಿನ ಆರು ಹಾಕಿ, ಮೇಡಂಗೆ ತೋರಿಸಿ, "ಪಾಸ್ ಆದೆ ನೋಡ್ರಿ" ಎಂದರು. ನಾನು ಮನೆಗೆ ಹೊರಡುವ ಬಸ್ಸನ್ನು ಎಷ್ಟೋ ಸಲ ಬಿಟ್ಟಿದ್ದೇನೆ. ಮನೆಯಾಕೆ ಗೊಣಗಿದಾಗ ಕಾರಣ ಹೇಳಿದೆ. ಮರುದಿನ ನನ್ನ ಡಬ್ಬಿಯಲ್ಲಿ ಎರಡು ಧಪಾಟಿ ರೊಟ್ಟಿ ಹೆಚ್ಚಿದ್ದವು. "ಅಕ್ಕೋರಿಗೆ" ಎಂದಳು.

ಹನ್ನೆರಡನೆಯ ತಿಂಗಳಿಗೆ ಮೇಡಂಗೆ ವರ್ಗವಾಯಿತು. ಬಂದ ಹೊಸ ಡಾಕ್ಟರು ತರುಣರು, ಬುದ್ಧಿವಂತರು, ಅವಸರದವರು. ನನ್ನ ಪೊಟ್ಟಣ ನೋಡಿ, "ಇಷ್ಟು ಸಣ್ಣ ಪ್ರಮಾಣ ಏನು ಕೆಲಸ ಮಾಡ್ತದ್ರಿ? ಬಂದ್ ಮಾಡ್ರಿ ಸಾಕು" ಎಂದರು. ಒಂದು ಕಾಲದಲ್ಲಿ ನಾನು ಹೇಳಿದ ಮಾತೇ ಅದು. ನಾನು ವಾದಿಸಲಿಲ್ಲ. ನಗರದ ಡಾಕ್ಟರ ಕಾಗದ, ಮೇಡಂ ಬರೆದಿಟ್ಟ ಟಿಪ್ಪಣಿ, ಅಕ್ಕೋರ ನೋಟ್‌ಬುಕ್ಕು, ಮೂರನ್ನೂ ಅವರ ಮೇಜಿನ ಮೇಲಿಟ್ಟು, "ಇದಿಷ್ಟು ಓದಿ ಹೇಳ್ರಿ ಸರ್" ಎಂದೆ. ಮರುದಿನ ಕರೆದು, "ಮುಂದುವರಿಸ್ರಿ. ನನಗೂ ಪೊಟ್ಟಣ ಕಟ್ಟೋದು ಒಮ್ಮೆ ತೋರಸ್ರಿ" ಎಂದರು. ಒಳ್ಳೆಯ ಹುಡುಗ. ಮುಂದೆ ದೊಡ್ಡ ಹೆಸರು ಮಾಡಿದರು.

ಹದಿನೇಳನೆಯ ತಿಂಗಳ ಕೊನೆಯ ಪೊಟ್ಟಣಗಳಲ್ಲಿ ಔಷಧಿಯ ಅಂಶ ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಮುಗಿದ ದಿನ ಅಕ್ಕೋರು ಖಾಲಿ ಕಾಗದಗಳನ್ನು ತಂದು ನನಗೆ ತೋರಿಸಿದರು. ಹಬ್ಬ ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಗಲು ನೆಟ್ಟಗಾಗಿತ್ತು, ಸಪ್ಪಳದ ತ್ರಾಸು ಹೋಗಿತ್ತು, ನಿದ್ದೆ ಮಾತ್ರ ಇನ್ನೂ ಚೂರುಪಾರು.

ಮುಂದೆ ನಾನು ನಗರದ ದವಾಖಾನೆಗೆ ವರ್ಗವಾಗಿ ಬಂದೆ. ಎರಡು ಸಾವಿರದ ನಂತರ ಹೊಸ ಹೊಸ ಹೆಸರಿನ ಗುಳಿಗೆಗಳು ಬಂದವು, ಇನ್ನೂ ಚಿಕ್ಕವು, ಇನ್ನೂ ಬೇಗ ಹಿಡಿಯುವಂಥವು. ಕುಸನೂರಿನ ಒಬ್ಬ ನಿವೃತ್ತ ಗುಮಾಸ್ತರಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಹಳೆಯ ಚೀಟಿ ಹಿಡಿದು ಬಂದವರನ್ನು ಎಷ್ಟೋ ನೋಡಿದೆ. ಎಲ್ಲರನ್ನೂ ಒಂದೇ ಕೇಳುತ್ತಿದ್ದೆ: "ಎಷ್ಟು ದಿನ ಆತ್ರಿ ಶುರು ಮಾಡಿ?" ಉತ್ತರ ಕೇಳಿ, "ಒಮ್ಮೆಲೆ ಬಿಡಬ್ಯಾಡ್ರಿ, ಮೊದಲು ಡಾಕ್ಟರ್ ಕೂಡ ಮಾತಾಡ್ರಿ" ಎಂದು ಒಳಗೆ ಕಳಿಸುತ್ತಿದ್ದೆ. ಕೆಲವರು ಬೈದರು, ಕೆಲವರು ಬೇರೆ ಅಂಗಡಿಗೆ ಹೋದರು, ಕೆಲವರು ಒಳಗೆ ಹೋಗಿ ಮಾತಾಡಿದರು. ಮಗೂ, ನೀನೂ ಅಷ್ಟು ಕೇಳು. ಕೇಳುವುದನ್ನು ಬಿಡಬೇಡ, ಕೇಳಿದ ಮೇಲೆ ಅವಸರ ಮಾಡಬೇಡ.

ಕಮಲಾಪುರದಲ್ಲಿ ಕಂಡ ಒಂದು ಮಧ್ಯಾಹ್ನದ ಮಾತು ಉಳಿದಿದೆ. ಕೊನೆಯ ಪೊಟ್ಟಣ ಮುಗಿದು ತಿಂಗಳಾಗಿತ್ತು. ಅಂದು ಶನಿವಾರ, ಶಾಲೆ ಮುಂಜಾನೆಯೇ ಬಿಟ್ಟಿತ್ತು. ಅಕ್ಕೋರು ಅತ್ತೆಯ ರಕ್ತದೊತ್ತಡದ ಗುಳಿಗೆಗೆಂದು ಬಂದರು. ಎದುರಿಗೆ ಎಂಟು ಹತ್ತು ಜನ ಇದ್ದರು. "ಅವರದು ಮುಗೀಲಿ, ನಂದೇನು ಅವಸರ ಇಲ್ಲ" ಎಂದು ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಕೂತರು. ನಾನು ಔಷಧಿ ಕೊಡುತ್ತ ಹೋದೆ. ಸಾಲು ಕರಗಿದ ಮೇಲೆ ಕರೆಯಲು ತಲೆಯೆತ್ತಿದರೆ ಅಕ್ಕೋರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಬಾಯಿ ತುಸು ತೆರೆದಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ಅಷ್ಟರಲ್ಲಿ ರೈತನೊಬ್ಬ ಹೆಂಡತಿಯ ಚೀಟಿ ಹಿಡಿದು, "ಸಾಹೇಬ್ರ" ಎಂದು ಜೋರಾಗಿ ಕೂಗಿದ. ನಾನು ತುಟಿಯ ಮೇಲೆ ಬೆರಳಿಟ್ಟು ಬೆಂಚಿನ ಕಡೆ ತೋರಿಸಿದೆ. ಅವನ ಮಗಳು ಅದೇ ಪಿಸುಮಾತಿನ ತರಗತಿಯವಳು. ಅವನು ಅಕ್ಕೋರನ್ನು ನೋಡಿದ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ, ಔಷಧಿ ಯಾವ ಹೊತ್ತಿಗೆ ಎಷ್ಟು ಎಂದು ಬೆರಳು ತೋರಿಸಿ ಕೇಳಿದ. ನಾನೂ ಬೆರಳಲ್ಲೇ ಹೇಳಿದೆ. ಒಂದು ಗಂಟೆಗೆ ದವಾಖಾನೆ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು, ಡಬ್ಬಿಯನ್ನೂ ಬಿಚ್ಚದೆ ಕಾದೆ.

ಮೂರರ ಸುಮಾರಿಗೆ ಅಕ್ಕೋರು ಕಣ್ಣು ಬಿಟ್ಟರು. ಎಲ್ಲಿದ್ದೇನೆಂದು ತಿಳಿಯದೆ ಒಂದು ಗಳಿಗೆ ಸುತ್ತ ನೋಡಿದರು.

"ಎಷ್ಟು ಹೊತ್ತು ಆತ್ರಿ?"

"ಎರಡೂವರಿ ತಾಸು, ಅಕ್ಕೋರ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಎದ್ದು ಅತ್ತೆಯ ಗುಳಿಗೆ ಈಸಿಕೊಂಡು, ಕೆನ್ನೆಯ ಮೇಲೆ ಮೆತ್ತಿದ ಗೋಡೆಯ ಸುಣ್ಣವನ್ನೂ ಒರೆಸಿಕೊಳ್ಳದೆ, ಬಿಸಿಲಿನಲ್ಲಿ ಮನೆ ಕಡೆ ನಡೆದರು.